ಎಡ್ವಿನ್ ಮನೆಯ ಗುರಾಣಿಗಳು

ಫಾರ್ಮಿಂಗ್ಟನ್ ಹಿಲ್ಸ್
ಶುಕ್ರವಾರ, 25 ಅಕ್ಟೋಬರ್ 2024

ಸೌಭಾಗ್ಯವತಿ ಇಂದುಮತಿಗೆ,

ಹಯವದನ ಬರೆಯುವುದು. ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ. ಬೇಳೆ ತಳ ಹಿಡಿದ ಕುಕ್ಕರ್ ಸಿಂಕಿನಲ್ಲಿ ನೆನೆಯುತ್ತಿದೆ. ಬಿ.ಪಿ. ಮಾತ್ರೆ ಮಾತ್ರ ತಪ್ಪಿಸಿಲ್ಲ. ವುಡ್‌ರಿಡ್ಜ್‌ನಲ್ಲಿ ನೀನು ಚೆನ್ನಾಗಿದ್ದೀಯ ಎಂದು ಜಾನ್ವಿ ದಿನವೂ ಮೆಸೇಜ್ ಹಾಕುತ್ತಾಳೆ. ಅದರ ಕೆಳಗೆ "ಅಪ್ಪಾ, ಜಸ್ಟ್ ಕಾಲ್ ಹರ್" ಎಂದೂ ಸೇರಿಸುತ್ತಾಳೆ. ಫೋನ್ ಮಾಡಿದರೆ ಮೊದಲೆರಡು ಮಾತು ಸರಿಯಾಗಿ ಆಡಿ, ಮೂರನೆಯದಕ್ಕೆ ರೇಗಿಬಿಡುತ್ತೇನೆ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ಮಗಳು, ಅಳಿಯ ಇಬ್ಬರೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಈ ಕಾಗದ. ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟೋ ಕಾಲವಾಯಿತು. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಗೊಂಬೆಗಳನ್ನು ಮೆಟ್ಟಿಲ ಮೇಲೆ ಮಲಗಿಸಿದ್ದ ಹಾಗೇ ಬಿಟ್ಟು, ನೀನು ಒಂದು ಮಾತೂ ಆಡದೆ ಕಾರು ತೆಗೆದುಕೊಂಡು ಹೊರಟುಹೋದೆ. ಆನ್ ಆರ್ಬರ್ ದಾಟಿ ಒಬ್ಬಳೇ ಡ್ರೈವ್ ಮಾಡಿದವಳಲ್ಲ ನೀನು. ನಾನು ಫೋನಿನ ನಕ್ಷೆಯಲ್ಲಿ ನಿನ್ನ ಚುಕ್ಕೆಯನ್ನೇ ನೋಡುತ್ತ ಕೂತಿದ್ದೆ. ಜಾಕ್ಸನ್, ಬ್ಯಾಟಲ್ ಕ್ರೀಕ್, ಕಲಮಜೂ. ಬೆಂಟನ್ ಹಾರ್ಬರ್ ಹತ್ತಿರ ಚುಕ್ಕೆ ನಿಂತುಬಿಟ್ಟಿತು. ಎದ್ದು ಬೂಟು ಹಾಕಿಕೊಂಡೆ, ಇನ್ನೊಂದು ಕಾರಿನ ಕೀಲಿ ಹುಡುಕಿದೆ. ಅಷ್ಟರಲ್ಲಿ ಚುಕ್ಕೆ ಮತ್ತೆ ಹೊರಟಿತು. ಕಾಫಿಗೆ ನಿಲ್ಲಿಸಿದ್ದೆಯೇನೋ.

ನಾವು ಯಾಕೆ ಜಗಳವಾಡಿದೆವು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೆ ಈ ಇಡೀ ವರ್ಷ ನನ್ನ ಕಡೆಯಿಂದ ಹೇಗೆ ಕಂಡಿತು ಎನ್ನುವುದನ್ನು ನಾನು ನಿನಗೆ ಹೇಳಿಲ್ಲ. ಬರೀ ಕೂಗಾಡಿದೆ. ಅದಕ್ಕೆ ಮೊದಲಿಂದ ಬರೆಯುತ್ತೇನೆ.

ಹೋದ ವರ್ಷ ಲೈಬ್ರರಿಯವರು ಊರಿನ ಕಲಾವಿದರ ಚಿತ್ರಗಳನ್ನು ತೂಗುಹಾಕಿದಾಗ ನಿನ್ನ ಮೈಸೂರು ಶೈಲಿಯ ಗಜಲಕ್ಷ್ಮಿಯೂ ಅಲ್ಲಿತ್ತು. ಒಬ್ಬ ಅಮೆರಿಕನ್ ಮುದುಕ ಮೂಗು ತಾಗುವಷ್ಟು ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ ಎಂದು ನೀನು ಮನೆಗೆ ಬಂದು ನಗುತ್ತ ಹೇಳಿದೆ. ಅವನೇ ಎಡ್ವಿನ್ ಮಾರ್ಚ್‌ವುಡ್. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತನಾದವನು, ಹೆಂಡತಿ ತೀರಿಕೊಂಡ ಮೇಲೆ ನಾರ್ತ್‌ವಿಲ್‌ನಲ್ಲಿ ಒಬ್ಬನೇ ಇರುವವನು. ಅವನ ಹಿರಿಯರು ಇಂಗ್ಲೆಂಡಿನ ಡಾರ್ಸೆಟ್ ಕೌಂಟಿಯ ಹಳೇ ಜಮೀನುದಾರರು. ಅಲ್ಲಿ ಅಂಥ ಒಂದೊಂದು ಮನೆತನಕ್ಕೂ ಒಂದೊಂದು ಕುಲಲಾಂಛನ, ಗುರಾಣಿಯ ಆಕಾರದೊಳಗೆ ಬರೆದದ್ದು. ಒಬ್ಬರಿಗೆ ಸಿಂಹ, ಒಬ್ಬರಿಗೆ ಶಿಲುಬೆ, ಇನ್ನೊಬ್ಬರಿಗೆ ಮೂರು ಮೀನು. ತನ್ನ ವಂಶಕ್ಕೆ ಹೆಣ್ಣು ಕೊಟ್ಟ ಎಲ್ಲ ಮನೆತನಗಳ ಲಾಂಛನಗಳನ್ನೂ ಮರದ ಹಲಗೆಯ ಮೇಲೆ ಬರೆಸಬೇಕು, ಗಜಲಕ್ಷ್ಮಿಯ ಒಡವೆಯ ಹಾಗೆ ಚಿನ್ನ ಉಬ್ಬಿರಬೇಕು ಎಂದು ಕೇಳಿದ. ನೀನು ಒಪ್ಪಿಕೊಂಡೆ. ನಾನೂ ಬೇಡ ಅನ್ನಲಿಲ್ಲ. ಬೇಸ್‌ಮೆಂಟಿನಲ್ಲಿ ಕೂತು ಗೃಹಪ್ರವೇಶಗಳಿಗೆ ಗಣಪತಿ ಬರೆದುಕೊಡುವವಳಿಗೆ ಹೊರಗಿನದೊಂದು ಕೆಲಸ ಸಿಕ್ಕಿತಲ್ಲ ಎಂದು ಖುಷಿಯೇ ಆಯಿತು.

ಮೊದಮೊದಲು ಊಟದ ಹೊತ್ತಿಗೆ ನೀನು ಹೇಳುತ್ತಿದ್ದ ಕಥೆಗಳಿಗೆ ನಾನೂ ನಕ್ಕಿದ್ದೇನೆ. ಒಂದು ಮನೆತನಕ್ಕೆ ಕಾಲೇ ಇಲ್ಲದ ಹಕ್ಕಿಗಳು ಲಾಂಛನ. ಅಂಗಹೀನವಾದದ್ದನ್ನು ಬರೆಯಲು ಕೈ ಬರುವುದಿಲ್ಲ ಎಂದು ನೀನು ಪಟ್ಟು ಹಿಡಿದದ್ದು, ಅದು ನೆಲಕ್ಕೆ ಇಳಿಯುವುದೇ ಇಲ್ಲ, ಅದಕ್ಕೆ ಕಾಲು ಯಾಕೆ ಎಂದು ಅವನು ವಾದಿಸಿದ್ದು. ಆಮೇಲೆ ನಿನ್ನ ಬಾಯಲ್ಲಿ ಕಥೆ ಕಡಿಮೆಯಾಗಿ ಎಡ್ವಿನ್ ಹೆಚ್ಚಾದ. ಎಡ್ವಿನ್‌ಗೆ ಚಿತ್ರಾನ್ನ ಇಷ್ಟವಂತೆ, ಹಸಿಮೆಣಸಿನಕಾಯಿ ಬಿಟ್ಟು ಮಾಡಬೇಕಂತೆ. ಗುರುವಾರ ಎಡ್ವಿನ್ ಮನೆ. ಹಬ್ಬದ ದಿನವೂ ಗುರುವಾರವಾದರೆ ಎಡ್ವಿನ್ ಮನೆ. ಗೌರಿಗೆ ಉಡುವ ಆ ನೀಲಿ ಸೀರೆಯನ್ನು ಒಂದು ಗುರುವಾರ ಉಟ್ಟುಕೊಂಡು ಹೊರಟಾಗ ನಾನು ಪೇಪರಿನ ಹಿಂದಿನಿಂದ ನೋಡಿದೆ. ಏನೂ ಕೇಳಲಿಲ್ಲ. ಕೇಳಬೇಕಿತ್ತು.

ಜುಲೈಯಲ್ಲಿ ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ ರಮೇಶ್ ಸಿಕ್ಕಿದ. ನನ್ನ ಜೊತೆ ಕಾರು ಕಂಪನಿಯ ಬ್ರೇಕ್ ವಿಭಾಗದಲ್ಲಿದ್ದವನು, ನಿನಗೆ ನೆನಪಿರಬೇಕು. ಹಾಗಲಕಾಯಿ ಆರಿಸುತ್ತ, ಅತ್ತಿಗೆಯನ್ನು ನೋವಿಯಲ್ಲಿ ನೋಡಿದೆ, ಕಾರಿನಲ್ಲಿ ಪಕ್ಕದಲ್ಲಿ ಯಾರೋ ಅಮೆರಿಕನ್ ಅಂಕಲ್ ಇದ್ದರು, ಇಬ್ಬರೂ ಬಹಳ ನಗುತ್ತಿದ್ದರು ಎಂದ. ಕೆಟ್ಟ ಮಾತಾಗಿ ಹೇಳಲಿಲ್ಲ, ಸುಮ್ಮನೆ ಹೇಳಿದ. ನೋವಿಗೆ ಹೋಗಿದ್ದೆಯಾ ಎಂದು ಅಂದು ಸಂಜೆ ನಿನ್ನನ್ನು ಕೇಳಿದೆ. "ಕೆಲಸ ಇತ್ತು" ಅಂದೆ ನೀನು. ಏನು ಕೆಲಸ ಎಂದು ಕೇಳಿದರೆ, ಒಗ್ಗರಣೆ ಸೀಯುತ್ತದೆ ಎಂದು ಒಳಗೆ ಹೋದೆ.

ಅಂದಿನಿಂದ ನಾನು ಏನು ಮಾಡಿದೆ ಎಂದು ಓದಿದರೆ ನಿನಗೆ ನಗು ಬರುತ್ತದೆ. ಲೈಬ್ರರಿಯಿಂದ ಕುಲಲಾಂಛನಗಳ ಬಗ್ಗೆ ದಪ್ಪನೆಯ ಪುಸ್ತಕ ತಂದು ಗ್ಯಾರೇಜಿನಲ್ಲಿಟ್ಟುಕೊಂಡು ಓದಿದೆ. ಲಾನ್‌ಮೋವರ್ ರಿಪೇರಿ ಎಂದು ನಿನಗೆ ಹೇಳಿದ್ದೆನಲ್ಲ, ಆ ವಾರಗಳೆಲ್ಲ ಇದೇ. ಅವನು ಕಲಿಸಿದ್ದರಲ್ಲಿ ತಪ್ಪು ಹುಡುಕಬೇಕಿತ್ತು, ಅಷ್ಟೇ. ಹುಡುಕಿಯೂ ಬಿಟ್ಟೆ. ಚಿನ್ನ, ಬೆಳ್ಳಿ ಎರಡೂ ಲೋಹ. ಲೋಹದ ಮೇಲೆ ಲೋಹ ಬರೆಯಬಾರದು, ಬಣ್ಣದ ಮೇಲೆ ಬಣ್ಣ ಬರೆಯಬಾರದು ಎನ್ನುವುದು ಆ ಶಾಸ್ತ್ರದ ದೊಡ್ಡ ನಿಯಮ. ಒಂದು ಗುರಾಣಿಯಲ್ಲಿ ನೀನು ಚಿನ್ನದ ನೆಲದ ಮೇಲೆ ಬೆಳ್ಳಿ ಶಿಲುಬೆ ಬರೆಯುತ್ತಿದ್ದೆ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಅದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಿನಗೆ ಹೇಳಲಿಲ್ಲ. ಸಮಯ ಬಂದಾಗ ಅವನ ಮುಂದೆಯೇ ಹೇಳೋಣ ಎಂದು ಇಟ್ಟುಕೊಂಡೆ.

ಸೆಪ್ಟೆಂಬರಿನಲ್ಲಿ ನಿನ್ನ ಕಾರು ಸರ್ವೀಸಿಗೆ ಹೋಗಿದ್ದಾಗ ನಾನೇ ನಿನ್ನನ್ನು ಕರೆದುಕೊಂಡು ಬರಲು ನಾರ್ತ್‌ವಿಲ್‌ಗೆ ಬಂದೆ. ಹೇಳಿದ್ದಕ್ಕಿಂತ ಮುಂಚೆ ಬಂದೆ, ಬೇಕೆಂದೇ. ಅವನ ಮನೆಯ ಮುಂದಿನ ಕೋಣೆಯ ಕಿಟಕಿಗೆ ಪರದೆ ಇಲ್ಲ. ಮೇಜಿನ ಮೇಲೆ ಹಲಗೆ ಇತ್ತು. ನೀವಿಬ್ಬರೂ ಪಕ್ಕಪಕ್ಕದಲ್ಲಿ ಬಗ್ಗಿದ್ದಿರಿ. ಅವನ ಕೈ ನಿನ್ನ ಕೈಯೊಳಗಿತ್ತು. ನೀನು ಅವನ ಬೆರಳುಗಳನ್ನು ಹಿಡಿದು ನಿಧಾನವಾಗಿ ಎಲ್ಲಿಗೋ ಒಯ್ಯುತ್ತಿದ್ದೆ, ಅವನು ಕಣ್ಣು ಮುಚ್ಚಿಕೊಂಡಿದ್ದ. ನಾನು ಹಿಂದೆ ಸರಿದು ಬಾಗಿಲಿಗೆ ಹೋಗಿ ಬೆಲ್ ಮೇಲೆ ಇಟ್ಟ ಬೆರಳು ತೆಗೆಯಲಿಲ್ಲ. ದಾರಿಯುದ್ದಕ್ಕೂ ನಾನು ಯಾಕೆ ಮಾತಾಡಲಿಲ್ಲ ಎಂದು ನೀನು ಎರಡು ಸಲ ಕೇಳಿದೆ. ಇದಕ್ಕೆ.

ನನಗೆ ಅರವತ್ತೆಂಟು. ಈ ವಯಸ್ಸಿನಲ್ಲಿ ಇಂಥದ್ದು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಊಟ ರುಚಿಸಲಿಲ್ಲ. ನಿನ್ನ ಬ್ರಷ್ ತೊಳೆಯುವ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಕನ್ನಡಿಯಲ್ಲಿ ನನ್ನ ಹೊಟ್ಟೆ ನೋಡಿಕೊಂಡು, ನನಗಿಂತ ದೊಡ್ಡವನಾದ ಅವನು ಹೇಗೆ ಕಡ್ಡಿಯ ಹಾಗಿದ್ದಾನೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಮೇಲೆ ವಿಜಯದಶಮಿಯ ದಿನ ನಿನ್ನ ಐಪ್ಯಾಡಿನ ಮೇಲೆ ಡಾರ್ಸೆಟ್‌ನ ಒಂದು ಚರ್ಚಿನವರ ಈಮೇಲ್ ಕಣ್ಣಿಗೆ ಬಿತ್ತು. ಸತ್ತ ಜಮೀನುದಾರರ ಲಾಂಛನ ಬರೆದ ಹಳೇ ಹಲಗೆಗಳು ಚರ್ಚಿನ ಗೋಡೆಯ ಮೇಲಿವೆ, ಚಿನ್ನ ಉದುರುತ್ತಿದೆ, ಎಡ್ವಿನ್ ನಿಮ್ಮ ಕೆಲಸದ ಫೋಟೋ ಕಳಿಸಿದ್ದಾರೆ, ವಸಂತದಲ್ಲಿ ಆರು ವಾರ ಬಂದು ನಮ್ಮ ಜೀರ್ಣೋದ್ಧಾರದವರ ಜೊತೆ ಕೆಲಸ ಮಾಡುತ್ತೀರಾ ಎಂದು ಬರೆದಿದ್ದರು. ನನ್ನ ತಲೆಗೆ ಹೋದದ್ದು ಎರಡೇ ಮಾತು: ಎಡ್ವಿನ್, ಆರು ವಾರ. ಹೋಳಿಗೆ ಬಡಿಸುತ್ತಿದ್ದವಳ ಮುಂದೆ ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. "ಆ ಮುದುಕನ ಜೊತೆ ಇರಕ್ಕೆ ನಿಂಗೆ ಇಂಗ್ಲೆಂಡೇ ಬೇಕಾಯ್ತಾ?" ಅಂದೆ. ನೀನು ತಟ್ಟೆ ಕೆಳಗಿಟ್ಟು, "ನಿಮಗೆ ಅಷ್ಟೇ ಕಾಣ್ಸಿದ್ದಾ?" ಎಂದು ಕೇಳಿ ಮೇಲೆ ಹೋದೆ. ಬೆಳಿಗ್ಗೆ ಹೊರಟೇಹೋದೆ.

ಈಗ ನಿನಗೆ ಗೊತ್ತಿಲ್ಲದ ಭಾಗ.

ನೀನು ಹೋದ ಮೂರನೆಯ ದಿನ ನಾನು ನಾರ್ತ್‌ವಿಲ್‌ಗೆ ಹೋದೆ. ಇನ್ನು ಮುಂದೆ ನನ್ನ ಹೆಂಡತಿ ಇಲ್ಲಿಗೆ ಬರುವುದಿಲ್ಲ ಎಂದು ಹೇಳುವುದಕ್ಕೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದೆ. ಬಾಗಿಲು ತೆರೆದ ಎಡ್ವಿನ್ ನನ್ನ ಮುಖ ನೋಡಲಿಲ್ಲ, ನನ್ನ ಕಿವಿಯ ಪಕ್ಕ ಎಲ್ಲೋ ನೋಡಿದ. ಯಾರು ಎಂದು ಕೇಳಿದ. ಹೆಸರು ಹೇಳಿದ ಮೇಲೆ ಮುಖವೆಲ್ಲ ಅರಳಿಸಿ ಒಳಗೆ ಕರೆದ. ಹೋದ ತಿಂಗಳಷ್ಟೇ ನೋಡಿದ ಮನುಷ್ಯನನ್ನು ಗುರುತಿಸದಷ್ಟು ಸೊಕ್ಕು ಎಂದುಕೊಂಡೆ. ಗೋಡೆಯ ತುಂಬ ನಿನ್ನ ಗುರಾಣಿಗಳು. ಕೂರುವ ಮುಂಚೆಯೇ ಆ ಬೆಳ್ಳಿ ಶಿಲುಬೆಯನ್ನು ತೋರಿಸಿ, ಲೋಹದ ಮೇಲೆ ಲೋಹ, ಇದು ತಪ್ಪು ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಅವಮಾನವಾಯಿತು. ಆ ಮನೆತನದವರು ಮೊದಲಿಂದಲೂ ತಪ್ಪಾಗಿಯೇ ಬರೆಸಿಕೊಂಡು, ಎಷ್ಟು ಜನ ಹೇಳಿದರೂ ಹಟ ಹಿಡಿದು ಹಾಗೇ ಉಳಿಸಿಕೊಂಡರಂತೆ. ನಿಮ್ಮ ಹೆಂಡತಿಯೂ ಮೊದಲ ವಾರವೇ ಇದನ್ನೇ ಕೇಳಿದರು, ಮನೆಯಲ್ಲಿ ಇಬ್ಬರೂ ಇದನ್ನೇ ಮಾತಾಡಿಕೊಳ್ಳುತ್ತೀರೇನೋ ಎಂದ. ನಾನು ಹೂಂ ಅಂದೆ.

ಟೀ ಮಾಡಿದ. ಕಪ್ಪಿನ ಅಂಚಿನ ಒಳಗೆ ತೋರುಬೆರಳು ಇಟ್ಟುಕೊಂಡು ಬಗ್ಗಿಸಿದ. ಬಿಸಿ ಬೆರಳಿಗೆ ತಾಗಿದಾಗ ನಿಲ್ಲಿಸಿದ. ಕಣ್ಣಿಗೆ ಕಾಣದ ಕಡೆ ಬೆರಳಿನಿಂದ ಅಳತೆ ನೋಡುವುದನ್ನು ನಾನು ಬ್ರೇಕುಗಳ ಮೇಲೆ ಮೂವತ್ತು ವರ್ಷ ಮಾಡಿದ್ದೇನೆ, ಇಂದುಮತಿ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಿಟಕಿಯಲ್ಲಿ ಕಂಡದ್ದು, ನೀನು ಅವರ ಬೆರಳು ಹಿಡಿದು ಒಯ್ಯುತ್ತಿದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಕಣ್ಣು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ.

ಅವರು ಕಪ್ಪನ್ನು ಮೇಜಿನ ಮೇಲಿಟ್ಟು, ನಿಮ್ಮ ಹೆಂಡತಿ ಹೇಳಿದರೇ ಎಂದರು. ಇಲ್ಲ, ಕಪ್ಪು ಹೇಳಿತು ಎಂದೆ. ಆಗ ಎಲ್ಲ ಹೇಳಿದರು. ನೋಟದ ನಡುಭಾಗ ಹೋಗಿಬಿಟ್ಟಿದೆಯಂತೆ, ಅಂಚಿನಲ್ಲಿ ಮಾತ್ರ ಮಬ್ಬಾಗಿ ಕಾಣುತ್ತದಂತೆ. ಲೈಬ್ರರಿಯಲ್ಲಿ ಗಜಲಕ್ಷ್ಮಿಯನ್ನು ಯಾರೂ ನೋಡದಾಗ ಮುಟ್ಟಿದರಂತೆ. ಬೆರಳಿಗೆ ಒಡವೆ ಸಿಕ್ಕಿತಂತೆ. ತಮ್ಮ ಹಿರಿಯರ ಲಾಂಛನಗಳನ್ನು ಇನ್ನು ಕಣ್ಣಿನಿಂದ ನೋಡಲಾಗುವುದಿಲ್ಲ, ಈ ಕೈಯ ಕೆಲಸವಾದರೆ ಬೆರಳಿನಿಂದಲಾದರೂ ನೋಡಬಹುದು ಎಂದು ಅಂದೇ ತೀರ್ಮಾನಿಸಿದರಂತೆ. ಟೆಕ್ಸಸ್‌ನಲ್ಲಿರುವ ಮಗನಿಗೆ ತಿಳಿದರೆ ಮನೆ ಮಾರಿಸಿ ವೃದ್ಧರ ಹೋಮಿಗೆ ಸೇರಿಸುತ್ತಾನೆ ಎಂಬ ಭಯ. ಅದಕ್ಕೆ ಯಾರಿಗೂ ಹೇಳಬಾರದು ಎಂದು ನಿನ್ನಿಂದ ಮಾತು ತೆಗೆದುಕೊಂಡಿದ್ದರು. ನೋವಿಯಲ್ಲಿ ಕಣ್ಣಿನ ಕ್ಲಿನಿಕ್. ಕಣ್ಣಿಗೇ ಇಂಜೆಕ್ಷನ್ ಚುಚ್ಚುತ್ತಾರಂತೆ. ಭಯ ಮರೆಸಲು ದಾರಿಯುದ್ದಕ್ಕೂ ನೀನು ಏನೇನೋ ಹೇಳಿ ನಗಿಸುತ್ತೀಯಂತೆ. ಯಾರಿಗೂ ಎಂದರೆ ಗಂಡನಿಗೂ ಎಂದು ನಾನು ಅಂದುಕೊಂಡಿರಲಿಲ್ಲ, ಅವರು ಆ ಮಾತನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡರು, ತಪ್ಪು ನನ್ನದು ಎಂದರು. ಇದನ್ನೆಲ್ಲ ತಾವೇ ಹೇಳಿದ್ದಾಗಿ ನಿನಗೆ ತಿಳಿಸಲು ಹೇಳಿದರು. ತಿಳಿಸಿದ್ದೇನೆ.

ನೀನು ಹೊರಡುವ ಹಿಂದಿನ ವಾರ ಕೊಟ್ಟುಹೋದ ಗುರಾಣಿ ಇನ್ನೂ ಮೇಜಿನ ಮೇಲೇ ಇತ್ತು. ಆಕಾರವೆಲ್ಲ ಬೆರಳಿಗೆ ತಿಳಿದಿದೆ, ಬಣ್ಣ ಹೇಳುವವರಿಲ್ಲ, ನೀವು ಹೇಳುತ್ತೀರಾ ಎಂದು ಕೇಳಿದರು. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ನೆಲ ನೀಲಿ ಎಂದೆ. ಯಾವ ನೀಲಿ ಎಂದರು. ಬಗ್ಗಿ ನೋಡಿ, ಹೆಂಡತಿಯ ಹಬ್ಬದ ಸೀರೆಯ ನೀಲಿ ಎಂದೆ. ಹೌದು, ಬಣ್ಣ ಕೂಡುತ್ತದೆಯೇ ಎಂದು ನೋಡಲು ಒಂದು ದಿನ ಅದನ್ನೇ ಉಟ್ಟುಕೊಂಡು ಬಂದಿದ್ದರು ಎಂದರು. ಮುಂದಕ್ಕೆ ಹೇಳಿದೆ: ಮೇಲೆ ಎರಡು, ಕೆಳಗೆ ಒಂದು ಚಿನ್ನದ ಹಕ್ಕಿ, ನಡುವೆ ನಿಂತ ಸಿಂಹ, ಅದೂ ಚಿನ್ನ, ನಾಲಿಗೆ ಕೆಂಪು. ಸಿಂಹದ ಮುಖ ಹೇಗಿದೆ ಎಂದು ಕೇಳಿದರು. ಸಿಟ್ಟಿನಲ್ಲಿದೆಯೇ? ನೋಡಿದೆ. ಸಿಟ್ಟಿಲ್ಲ. ನಮ್ಮ ದೇವರ ಮನೆಯ ಲಕ್ಷ್ಮೀನರಸಿಂಹನ ಮುಖ ಅದು, ಕೋಪ ಇಳಿದ ಮೇಲಿನದು. ನೀನು ಬರೆದ ಆ ಪಟಕ್ಕೆ ದಿನವೂ ದೀಪ ಹಚ್ಚುತ್ತೇನೆ. ಅದರ ಮುಖ ನಾನು ಮೊದಲ ಸಲ ಸರಿಯಾಗಿ ನೋಡಿದ್ದು ನಾರ್ತ್‌ವಿಲ್‌ನಲ್ಲಿ.

ಆಮೇಲೆ ಎಡ್ವಿನ್ ನನಗೆ ನಿನ್ನ ಕೆಲಸ ವಿವರಿಸಿದರು. ಸುಣ್ಣದಂಥ ಪುಡಿಯನ್ನು ಗೋಂದಿನಲ್ಲಿ ಕಲಸಿ, ಬ್ರಷ್ಷಿನ ತುದಿಯಿಂದ ಹನಿಹನಿಯಾಗಿ ಇಳಿಸಿ ಗೆರೆ ಎಬ್ಬಿಸುವುದು, ಒಣಗಿಸಿ ಮತ್ತೆ ಎಬ್ಬಿಸುವುದು, ಆಮೇಲೆ ಉಸಿರು ಬಿಗಿಹಿಡಿದು ಚಿನ್ನದ ರೇಕು ಕೂರಿಸುವುದು. ನೀನು ಉಸಿರು ಬಿಗಿಹಿಡಿಯುವುದು ಅವರಿಗೆ ಕೇಳಿಸುತ್ತದಂತೆ. ನಾನು ಕೇಳುತ್ತ ಕೂತೆ. ಕೈ ಹಿಡಿದದ್ದನ್ನು ಕಂಡ ದಿನ ಆದ ಸಂಕಟ ದೊಡ್ಡದೆಂದುಕೊಂಡಿದ್ದೆ. ಇದು ಅದಕ್ಕಿಂತ ದೊಡ್ಡದಾಗಿತ್ತು. ನನ್ನ ಹೆಂಡತಿಯ ಕೈ ಏನು ಮಾಡುತ್ತದೆ ಎಂದು ಇನ್ನೊಬ್ಬ ಗಂಡಸು ನನಗೆ ಹೇಳಿಕೊಡುತ್ತಿದ್ದಾನೆ, ನನ್ನ ಮನೆಯ ಬೇಸ್‌ಮೆಂಟಿನಲ್ಲಿ ನಡೆಯುವ ಕೆಲಸವನ್ನು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಕಾರಣ ಉಳಿದಿರಲಿಲ್ಲ.

ಹೊರಡುವಾಗ ಇಂಗ್ಲೆಂಡಿನ ವಿಷಯ ನಾನೇ ಎತ್ತಿದೆ. ನೀವು ಯಾವಾಗ ಹೊರಡುತ್ತೀರಿ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನಾನೇ? ನನ್ನನ್ನು ಡಾಕ್ಟರು ಬಿಡುವುದಿಲ್ಲ, ಬಿಟ್ಟರೂ ಹೋಗಿ ಏನು ನೋಡಲಿ, ಚರ್ಚಿನವರು ಕರೆದದ್ದು ನಿಮ್ಮ ಹೆಂಡತಿಯೊಬ್ಬರನ್ನೇ ಎಂದರು. ಇದನ್ನಾದರೂ ನೀನು ಹೇಳಬಹುದಿತ್ತು. ಇರಲಿ, ನಾನು ಕೇಳಿದ ರೀತಿಗೆ ಯಾರೂ ಉತ್ತರ ಕೊಡುತ್ತಿರಲಿಲ್ಲ.

ನಿನ್ನೆ ಗುರುವಾರ. ನೋವಿಗೆ ಅವರನ್ನು ನಾನು ಕರೆದುಕೊಂಡು ಹೋದೆ. ನಗಿಸಲು ನನಗೆ ಬರಲಿಲ್ಲ, ಬ್ರೇಕ್ ಫೇಲ್ ಆದ ಒಂದು ಟೆಸ್ಟಿನ ಕಥೆ ಹೇಳಿದೆ. ಅವರು ಇನ್ನೂ ಹೆದರಿದರು.

ಚರ್ಚಿನವರಿಗೆ ಈ ತಿಂಗಳ ಕೊನೆಯೊಳಗೆ ಉತ್ತರ ಬೇಕು ಎಂದು ಈಮೇಲಿನಲ್ಲಿತ್ತು. ಅದಕ್ಕೇ ಈ ಕಾಗದವನ್ನು ಇವತ್ತೇ ಪೋಸ್ಟ್ ಮಾಡಬೇಕು. ಇಂದುಮತಿ, ನೀನು ಹೋಗಿ ಬಾ. ನನ್ನ ಪೂರ್ತಿ ಒಪ್ಪಿಗೆ ಇದೆ. ಊಟದ ಚಿಂತೆ ಬೇಡ, ಸಾರು ಮಾಡಲು ಕಲಿಯುತ್ತಿದ್ದೇನೆ, ಹುಣಸೆಹಣ್ಣು ಮಾತ್ರ ಜಾಸ್ತಿಯಾಗುತ್ತದೆ. ಗುರುವಾರಗಳನ್ನು ನಾನು ನೋಡಿಕೊಳ್ಳುತ್ತೇನೆ.

ಇಷ್ಟು ಬರೆದು ನಿಲ್ಲಿಸಿದ್ದೆ. ಜಾನ್ವಿಯ ಫೋನ್ ಬಂತು. ನಾನು ಕಾಗದ ಬರೆಯುತ್ತಿದ್ದೇನೆ, ಅಮ್ಮ ಇಂಗ್ಲೆಂಡಿಗೆ ಹೋಗಲಿ ಎಂದು ಬರೆದಿದ್ದೇನೆ ಎಂದೆ. ಅವಳು ನಕ್ಕು, "ಅಪ್ಪಾ, ಶಿ ಆಲ್ರೆಡಿ ಸೆಡ್ ಯೆಸ್" ಎಂದಳು. ಅಲ್ಲಿ ಮುಟ್ಟಿದ ಮಾರನೆಯ ದಿನವೇ ನೀನು ಒಪ್ಪಿ ಬರೆದೆಯಂತೆ. ನನ್ನನ್ನು ಕೇಳದೆ. ಒಂದು ಗಳಿಗೆ ನನಗೆ ಭಯಂಕರ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಎದ್ದು ಗೊಂಬೆಗಳ ಮುಂದೆ ಓಡಾಡಿ ಬಂದೆ. ಮೇಲಿನ ನಾಲ್ಕು ಸಾಲು ಹೊಡೆದುಹಾಕೋಣ ಎನಿಸಿತು. ಒಪ್ಪಿಗೆಯನ್ನು ಯಾರೂ ಕೇಳದಿದ್ದರೂ ಅದು ಇದೆ, ಇರಲಿ ಎಂದು ಬಿಟ್ಟಿದ್ದೇನೆ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ ಹೋಗಿಲ್ಲ. ಈಗ ಆ ಚರ್ಚಿನ ಗೋಡೆಗಳ ಮೇಲೆ ಶುರುವಾಗಿದೆ. ಆರು ವಾರ ನಿನ್ನ ಮುಖ ನೋಡುವುದು ಯಾರೋ ಸತ್ತ ಜಮೀನುದಾರರು. ಅದಕ್ಕೆ ಮುಂಚೆ ಚಳಿಗಾಲ ಪೂರ್ತಿ ಇದೆಯಲ್ಲ, ಆ ದಿನಗಳು ನನಗೆ ಬೇಕು. ರೇಕು ಕೂರಿಸುವಾಗ ನಾನು ಪಕ್ಕದಲ್ಲಿ ಕೂರುತ್ತೇನೆ, ಮಾತಾಡುವುದಿಲ್ಲ. ಹೇಗೆ ಮಾಡುವುದೆಂದು ಎಡ್ವಿನ್ ಹೇಳಿದ್ದಾರೆ, ಆದರೂ ನೀನು ಹೇಳಬೇಕು.

ಬರುವ ಮನಸ್ಸಾದರೆ ಒಂದು ಮೆಸೇಜ್ ಹಾಕು. ಡಿಯರ್‌ಬಾರ್ನ್‌ನಿಂದ ರೈಲಿನಲ್ಲಿ ಶಿಕಾಗೋಗೆ ಬಂದು ಅಲ್ಲಿಂದ ವುಡ್‌ರಿಡ್ಜ್‌ಗೆ ಬರುತ್ತೇನೆ, ವಾಪಸು ಒಟ್ಟಿಗೆ ಡ್ರೈವ್ ಮಾಡೋಣ. ಒಬ್ಬಳೇ ಬರುತ್ತೇನೆ ಎಂದರೆ ಅದೂ ಸರಿ. ನವೆಂಬರ್ ನಡುವಿನೊಳಗೆ ಬಾ, ಆಮೇಲೆ ದಾರಿಯಲ್ಲಿ ದೊಡ್ಡ ಸರೋವರದ ಕಡೆಯಿಂದ ಹಿಮ ಶುರುವಾಗುತ್ತದೆ.

ನಿನ್ನ
ಹಯವದನ

ವಿ.ಸೂ.: ಎಡ್ವಿನ್ ನಿನ್ನನ್ನು 'ಇಂದು' ಎಂದು ಕರೆಯುತ್ತಾರೆ ಎನ್ನುವುದು ನಿನ್ನೆ ಕ್ಲಿನಿಕ್ಕಿನಲ್ಲಿ ತಿಳಿಯಿತು. ಮದುವೆಯಾದಂದಿನಿಂದ ನಾನು ಒಂದು ಸಲವೂ ಹಾಗೆ ಕರೆದಿಲ್ಲ, ಕರೆಯಬಹುದು ಎಂದೇ ಹೊಳೆದಿರಲಿಲ್ಲ. ಮದುವೆಯಾದ ಹೆಂಗಸಿನ ಹೆಸರನ್ನು ಮೊಟಕು ಮಾಡುವುದು ನಮ್ಮ ಮೈಸೂರು ಕಡೆ ದೊಡ್ಡ ಅಪಚಾರ, ಗಂಡನೊಬ್ಬನಿಗೇ ಆ ಹಕ್ಕು ಎಂದು ಅವರಿಗೆ ಹೇಳಿದ್ದೇನೆ. ಪಾಪ, ಬಹಳ ನೊಂದುಕೊಂಡು, ವಾಪಸು ಬರುವ ದಾರಿಯುದ್ದಕ್ಕೂ 'ಇಂದುಮತಿಯವರೇ' ಎಂದು ಅಭ್ಯಾಸ ಮಾಡಿದರು. ಅವರು ಕೇಳಿದರೆ ನೀನೂ ಹೌದು ಅನ್ನು.